ಚೈನಿಗೆ ಯಾವುದು ಹಾಕಬೇಕು: ಗೇರ್ ಆಯಿಲ್, ಸ್ಪ್ರೇ, ವ್ಯಾಕ್ಸ್

ಭಾನುವಾರ ಬೆಳಗ್ಗೆ ಆರು ಗಂಟೆಗೆ ನಂದಿ ಬೆಟ್ಟದ ಬುಡದಲ್ಲಿ, ಟೀ ಅಂಗಡಿ ಮುಂದೆ ನಿಂತ ಬೈಕುಗಳನ್ನು ಎಡಬದಿಯಿಂದ ಬಗ್ಗಿ ನೋಡುತ್ತ ಹೋಗಿ. ಒಂದರ ಚೈನ್ ಕೆಂಪಗೆ ತುಕ್ಕು ಹಿಡಿದಿರುತ್ತದೆ. ಇನ್ನೊಂದರ ಚೈನ್ ಮೇಲೆ ಡಾಂಬರಿನಂಥ ಕಪ್ಪು ಪದರ ಕೂತಿರುತ್ತದೆ. ಮತ್ತೊಂದರ ಹಿಂದಿನ ರಿಮ್ ತುಂಬ ಎಣ್ಣೆಯ ಚುಕ್ಕಿ. ನಾಲ್ಕಾರು ಬೈಕು ದಾಟಿದ ಮೇಲೆ ಒಂದು ಒಳ್ಳೆಯ ಚೈನ್ ಸಿಗುತ್ತದೆ: ಪ್ಲೇಟುಗಳು ಲೋಹದ ಬಣ್ಣದಲ್ಲೇ ಇವೆ, ಪ್ಲೇಟುಗಳ ನಡುವೆ ಉರುಳುವ ರೋಲರ್ ಮುಟ್ಟಿದರೆ ಬೆರಳಿಗೆ ತೆಳುವಾಗಿ ಎಣ್ಣೆ ಹತ್ತುತ್ತದೆ, ತೊಟ್ಟಿಕ್ಕುವುದಿಲ್ಲ. ಆ ಬೈಕಿನವರು ಹಾಕಿರುವುದು ದುಬಾರಿ ಡಬ್ಬಿಯದ್ದೇ ಇರಬೇಕೆಂದಿಲ್ಲ. ಲೀಟರಿಗೆ ಮುನ್ನೂರು ನಾನೂರು ರೂಪಾಯಿಯ ಗೇರ್ ಆಯಿಲ್ ಕೂಡ ಇದ್ದೀತು.

ಯಾವುದು ಒಳ್ಳೆಯದು ಎಂಬ ಚರ್ಚೆ ಸವಾರರ ಗುಂಪುಗಳಲ್ಲಿ ಮುಗಿಯುವುದೇ ಇಲ್ಲ. ಅದಕ್ಕೆ ಕಾರಣ, ಚರ್ಚೆ ಡಬ್ಬಿಯ ಹೆಸರಿನಿಂದ ಶುರುವಾಗುವುದು. ಶುರುವಾಗಬೇಕಾದದ್ದು ಮೂರು ಪ್ರಶ್ನೆಗಳಿಂದ. ನಿಮ್ಮ ಚೈನ್ ಯಾವ ಜಾತಿಯದು? ಬೈಕ್ ಓಡುವ ಜಾಗದಲ್ಲಿ ಹೆಚ್ಚು ಇರುವುದು ಮಳೆಯೋ ಧೂಳೋ? ನೀವು ನಿಜವಾಗಿ ಎಷ್ಟು ದಿನಕ್ಕೊಮ್ಮೆ ಚೈನ್ ಮುಟ್ಟುತ್ತೀರಿ? ಮೂರನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಮೊದಲು ಚೈನ್ ನೋಡಿ

ಚೈನಿನ ಒಳಪ್ಲೇಟು ಹೊರಪ್ಲೇಟುಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಪ್ರತಿ ಪಿನ್ನಿನ ಸುತ್ತ ಸಣ್ಣ ಕಪ್ಪು ರಬ್ಬರ್ ಬಳೆ ಕಂಡರೆ ಅದು ಓ-ರಿಂಗ್ ಚೈನ್. ಬಳೆಯ ಅಡ್ಡಕೊಯ್ತ ಗುಂಡಗಿರದೆ ಎಕ್ಸ್ ಆಕಾರದಲ್ಲಿದ್ದರೆ ಎಕ್ಸ್-ರಿಂಗ್ ಎನ್ನುತ್ತಾರೆ. ನಮ್ಮ ಲೆಕ್ಕಕ್ಕೆ ಎರಡೂ ಒಂದೇ. ರಬ್ಬರ್ ಕಾಣದೆ ಲೋಹಕ್ಕೆ ಲೋಹ ಕೂತಿದ್ದರೆ ಅದು ಸಾದಾ ಚೈನ್. ನೂರು, ನೂರಿಪ್ಪತ್ತೈದು ಸಿಸಿಯ ಬೈಕುಗಳಲ್ಲಿ, ಅದರಲ್ಲೂ ಚೈನನ್ನು ಪೂರ್ತಿ ಮುಚ್ಚುವ ಕವರ್ ಇರುವವುಗಳಲ್ಲಿ, ಸಾದಾ ಚೈನ್ ಹೆಚ್ಚು. ಇನ್ನೂರರಿಂದ ನಾನೂರು ಸಿಸಿಯ ಬೈಕುಗಳಲ್ಲಿ ಬಹುಮಟ್ಟಿಗೆ ಓ-ರಿಂಗ್ ಅಥವಾ ಎಕ್ಸ್-ರಿಂಗ್.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಚೈನ್ ಸವೆಯುವುದು ಹೊರಗೆ ಕಾಣುವ ಜಾಗದಲ್ಲಿ ಅಲ್ಲ. ಒಳಗಿನ ಪಿನ್ನೂ ಅದರ ಮೇಲೆ ಕೂರುವ ಕೊಳವೆಯಂಥ ಬುಷ್ಷೂ ಉಜ್ಜಿಕೊಂಡು ಸವೆಯುತ್ತವೆ. ಒಂದೊಂದು ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಬಂದರೆ, ನೂರು ಚಿಲ್ಲರೆ ಕೊಂಡಿ ಸೇರಿ ಚೈನ್ ಉದ್ದವಾಗುತ್ತದೆ. ‘ಚೈನ್ ಎಳೆದುಕೊಂಡಿದೆ’ ಎಂದು ಮೆಕ್ಯಾನಿಕ್ ಹೇಳುವುದು ಇದನ್ನೇ. ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ.

ಓ-ರಿಂಗ್ ಚೈನಿನಲ್ಲಿ ಆ ಪಿನ್ ಬುಷ್ ನಡುವಿನ ಗ್ರೀಸನ್ನು ಫ್ಯಾಕ್ಟರಿಯಲ್ಲೇ ತುಂಬಿ ರಬ್ಬರ್ ಬಳೆಯಿಂದ ಬೀಗ ಹಾಕಿರುತ್ತಾರೆ. ನೀವು ಹೊರಗಿನಿಂದ ಏನು ಸುರಿದರೂ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು. ಹೊರಗಿನ ಎಣ್ಣೆಯ ಕೆಲಸ ಮೂರು: ರೋಲರ್ ಮತ್ತು ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ಹಲ್ಲಿನ ನಡುವೆ ಜಾರಿಕೆ ಕೊಡುವುದು, ತುಕ್ಕು ತಡೆಯುವುದು, ರಬ್ಬರ್ ಬಳೆ ಒಣಗಿ ಬಿರುಕು ಬಿಡದಂತೆ ಕಾಯುವುದು. ಸಾದಾ ಚೈನಿನಲ್ಲಿ ಹಾಗಲ್ಲ, ಎಣ್ಣೆ ಪಿನ್ನಿನ ತನಕ ಇಳಿಯಲೇಬೇಕು. ಆದ್ದರಿಂದ ಸಾದಾ ಚೈನಿಗೆ ದಪ್ಪ ಅಂಟಿನ ಸ್ಪ್ರೇ ಹೊಡೆದರೆ ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಒಣಗಿಯೇ ಇರುತ್ತದೆ. ಇಂಥ ಬೈಕ್ ನಿಮ್ಮದಾದರೆ ಉತ್ತರ ಗೇರ್ ಆಯಿಲ್. ಸ್ಪ್ರೇ ವ್ಯಾಕ್ಸುಗಳ ಮಾತನ್ನು ಬಿಟ್ಟು ನೇರ ಹಚ್ಚುವ ವಿಧಾನಕ್ಕೆ ಹೋಗಿ.

ಗೇರ್ ಆಯಿಲ್

ಬೇಕಾದದ್ದು 80ಡಬ್ಲ್ಯೂ-90 ಅಥವಾ ಇಪಿ-90, ಈ ಸಂಖ್ಯೆ ಎಣ್ಣೆಯ ದಪ್ಪ ಹೇಳುತ್ತದೆ. ಸರ್ವೋ, ಕ್ಯಾಸ್ಟ್ರಾಲ್, ಎಚ್‌ಪಿ, ಗಲ್ಫ್ ಯಾವುದಾದರೂ ಸರಿ. ಆಟೋ, ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಡಬ್ಬಿ ಮೇಲೆ ಜಿಎಲ್-4 ಅಂತಲೋ ಜಿಎಲ್-5 ಅಂತಲೋ ಇರುತ್ತದೆ. ಹಿತ್ತಾಳೆ ಬಿಡಿಭಾಗಗಳಿರುವ ಗೇರ್‌ಬಾಕ್ಸಿಗೆ ಆ ವ್ಯತ್ಯಾಸ ದೊಡ್ಡದು, ಉಕ್ಕಿನ ಚೈನಿಗೆ ಲೆಕ್ಕಕ್ಕಿಲ್ಲ. 140ರ ಗೇರ್ ಆಯಿಲ್ ಇನ್ನೂ ದಪ್ಪ, ಎರಚುವುದು ಕಮ್ಮಿ, ಆದರೆ ಚಳಿಯಲ್ಲಿ ಕೊಂಡಿಯ ಸಂದಿಗೆ ಇಳಿಯಲು ತಡಮಾಡುತ್ತದೆ. 90 ಸಾಕು. ಓ-ರಿಂಗ್ ಚೈನಿಗೆ ಗೇರ್ ಆಯಿಲ್ ಹಾಕಬಾರದು ಎಂಬ ಮಾತು ಓಡಾಡುತ್ತಿರುತ್ತದೆ. ಅದು ತಪ್ಪು. ಎಷ್ಟೋ ಬೈಕುಗಳ ಮ್ಯಾನ್ಯುಯಲ್‌ನಲ್ಲಿ ಕಂಪನಿಯವರೇ 80 ಅಥವಾ 90ರ ಗೇರ್ ಆಯಿಲ್ ಹಾಕಿ ಎಂದು ಬರೆದಿದ್ದಾರೆ.

ಖರ್ಚಿನ ಲೆಕ್ಕ ಕೈಯಲ್ಲೇ ಮಾಡಬಹುದು. ಚೈನಿನಲ್ಲಿ 110 ಕೊಂಡಿ ಇದೆ ಎಂದುಕೊಳ್ಳಿ. ಪ್ರತಿ ರೋಲರಿಗೆ ಎರಡು ಅಂಚು, ಅಂಚಿಗೊಂದು ಹನಿಯೆಂದರೆ 220 ಹನಿ. ಇಪ್ಪತ್ತು ಹನಿಗೆ ಸುಮಾರು ಒಂದು ಎಂಎಲ್. ಅಂದರೆ ಒಂದು ಸಲಕ್ಕೆ 11 ಎಂಎಲ್. ಅರ್ಧ ಲೀಟರಿನಲ್ಲಿ ನಲವತ್ತೈದು ಸಲ ಹಚ್ಚಬಹುದು. 500 ಕಿ.ಮೀ.ಗೆ ಒಂದು ಸಲ ಹಚ್ಚಿದರೂ 22,500 ಕಿ.ಮೀ. ಬಂತು, ಅಷ್ಟರಲ್ಲಿ ಎಷ್ಟೋ ಬೈಕುಗಳ ಚೈನ್ ಬದಲಾಯಿಸುವ ಹೊತ್ತೇ ಬಂದಿರುತ್ತದೆ. 150 ಎಂಎಲ್‌ನ ಸ್ಪ್ರೇ ಡಬ್ಬಿ ಹನ್ನೆರಡು ಸಲಕ್ಕೆ ಖಾಲಿ, ಅಂದರೆ ಆರು ಸಾವಿರ ಕಿ.ಮೀ.

ಇದರ ದೋಷ ಎಲ್ಲರಿಗೂ ಗೊತ್ತಿರುವುದೇ, ಎರಚುತ್ತದೆ. ರಿಮ್ ಮೇಲೆ, ನಂಬರ್ ಪ್ಲೇಟಿನ ಕೆಳಗೆ, ಹಿಂದೆ ಕೂತವರ ಪ್ಯಾಂಟಿನ ಮೇಲೆ ಕಪ್ಪು ಚುಕ್ಕಿ. ಆದರೆ ಈ ಎರಚಾಟದಲ್ಲಿ ಬಹುಪಾಲು ಹೆಚ್ಚಾಗಿ ಸುರಿದದ್ದರಿಂದ, ಒರೆಸದೆ ಬಿಟ್ಟದ್ದರಿಂದ. ರಾತ್ರಿ ಹಚ್ಚಿ, ಬೆಳಗ್ಗೆ ಬಟ್ಟೆಯಲ್ಲಿ ಹೊರಪ್ಲೇಟುಗಳನ್ನು ಒರೆಸಿಬಿಟ್ಟರೆ ಚುಕ್ಕಿ ಕಾಣುವುದೇ ಅಪರೂಪ. ಇನ್ನೊಂದು ದೋಷಕ್ಕೆ ಮದ್ದಿಲ್ಲ: ಜೋರು ಮಳೆಯಲ್ಲಿ ಒಂದು ದಿನ ಓಡಿಸಿದರೆ ಗೇರ್ ಆಯಿಲ್ ತೊಳೆದುಹೋಗಿರುತ್ತದೆ.

ಇದಕ್ಕೊಂದು ದೊಡ್ಡ ಗುಣವೂ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಗೇರ್ ಆಯಿಲ್ ಅಂಟುವುದಿಲ್ಲ. ಎರಚುವಾಗ ತನ್ನ ಜೊತೆ ಧೂಳನ್ನೂ ಹೊರಕ್ಕೆ ಒಯ್ಯುತ್ತದೆ. ಮುಂದಿನ ಸಲ ತೊಳೆಯಲು ಕೂತಾಗ ಹತ್ತು ನಿಮಿಷದಲ್ಲಿ ಚೈನ್ ಬೆಳ್ಳಗಾಗುತ್ತದೆ.

ಸ್ಪ್ರೇ ಲ್ಯೂಬ್

ಡಬ್ಬಿಯೊಳಗೆ ಇರುವುದು ದಪ್ಪ, ಅಂಟುಳ್ಳ ಎಣ್ಣೆ, ಅದನ್ನು ತೆಳುಮಾಡುವ ದ್ರಾವಕ, ತಳ್ಳುವ ಗ್ಯಾಸ್. ಹೊಡೆದ ತಕ್ಷಣ ನೀರಿನಂತೆ ಸಂದಿಗಳಿಗೆ ಹರಿಯುತ್ತದೆ. ದ್ರಾವಕ ಆರಿದ ಮೇಲೆ ಅಂಟು ಉಳಿಯುತ್ತದೆ. ಸ್ಪ್ರೇ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿ ಗೊತ್ತಿಲ್ಲದೆ ಬರುವಂಥವು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಪುಸ್ ಪುಸ್ ಎಂದು ಹೊಡೆದು, ಕಿಕ್ ಹೊಡೆದು ಹೊರಟರೆ ಆರದ ದ್ರಾವಕದ ಜೊತೆ ಎಣ್ಣೆಯೂ ಗಾಳಿಪಾಲು. ಕನಿಷ್ಠ ಅರ್ಧ ಗಂಟೆ ಬಿಡಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಉತ್ತಮ.

ಸ್ಪ್ರೇಗಳಲ್ಲೇ ಎರಡು ಬಗೆ. ಒಂದು ಬಣ್ಣವಿಲ್ಲದ, ತೆಳುವಾಗಿ ಕೂರುವಂಥದ್ದು. ಮೋಟುಲ್ ಸಿ2 ಈ ಬಗೆಯದು, ನಮ್ಮ ಅಂಗಡಿಗಳಲ್ಲಿ ಎಲ್ಲೆಡೆ ಸಿಗುತ್ತದೆ. ಇನ್ನೊಂದು ಬಿಳಿ, ಕೆನೆಯಂತೆ ದಪ್ಪಗೆ ಕೂರುವಂಥದ್ದು. ಬಿಳಿ ಬಗೆಗೆ ಕಣ್ಣಿನ ಅನುಕೂಲವಿದೆ, ಎಲ್ಲಿ ಬಿದ್ದಿದೆ ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಮಳೆಗೂ ಅದು ಹೆಚ್ಚು ತಡೆಯುತ್ತದೆ. ಆದರೆ ಧೂಳಿನ ರಸ್ತೆಯಲ್ಲಿ ಅದರಷ್ಟು ಕೆಟ್ಟದ್ದು ಬೇರಿಲ್ಲ. ಸಣ್ಣ ಮರಳಿನ ಕಣ ಅಂಟಿಗೆ ಕಚ್ಚಿ ಕೂತರೆ ಎಣ್ಣೆ ಹೋಗಿ ಲೋಹ ಅರೆಯುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಆಗುತ್ತದೆ. ಬಿಳಿ ಪದರ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾದಾಗ ಬೆರಳಲ್ಲಿ ತೆಗೆದು ಉಜ್ಜಿ ನೋಡಿ, ಹರಳು ಹರಳಾಗಿ ಹತ್ತುತ್ತದೆ. ಅದರ ಮೇಲೆ ಇನ್ನೊಂದು ಕೋಟ್ ಹೊಡೆಯುವುದು ಚೈನನ್ನು ನಾವೇ ಕೈಯಾರೆ ಅರೆಯುವ ಕೆಲಸ. ಸ್ಪ್ರೇ ಬಳಸುವವರು ಮೂರು ಸಲ ಹೊಡೆಯುವುದರೊಳಗೆ ಒಂದು ಸಲ ತೊಳೆಯಲೇಬೇಕು. ತೊಳೆಯುವ ಮನಸ್ಸಿಲ್ಲದವರು ಸ್ಪ್ರೇ ಕೊಳ್ಳದಿರುವುದು ಮೇಲು.

ದೂರದ ಸವಾರಿಗೆ ಸ್ಪ್ರೇ ಡಬ್ಬಿ ಅನುಕೂಲ, ಸೋರುವುದಿಲ್ಲ, ಬ್ರಷ್ ಬೇಡ. ಒಂದು ಎಚ್ಚರ: ಈ ಡಬ್ಬಿಗಳ ಮೇಲೆ 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಾಗಬಾರದು ಎಂದು ಬರೆದಿರುತ್ತದೆ. ಸೈಲೆನ್ಸರ್ ಕಡೆಯ ಸ್ಯಾಡಲ್ ಬ್ಯಾಗಿನ ತಳದಲ್ಲಿ ಇಡಬೇಡಿ. ಗೇರ್ ಆಯಿಲ್ ಒಯ್ಯುವವರಿಗೆ 50 ಎಂಎಲ್‌ನ ಮೂತಿ ಸಣ್ಣಗಿರುವ ಪ್ಲಾಸ್ಟಿಕ್ ಬಾಟಲಿ ಸಾಕು. ಅದನ್ನು ಎರಡು ಕವರಿನಲ್ಲಿ ಕಟ್ಟಿ, ಜೊತೆಗೊಂದು ಹಳೇ ಟೂತ್‌ಬ್ರಷ್ ಇಟ್ಟುಕೊಂಡರೆ ಐದು ದಿನದ ಮಳೆಯ ಟೂರಿಗೂ ಸಾಲುತ್ತದೆ.

ವ್ಯಾಕ್ಸ್

ಚೈನ್ ವ್ಯಾಕ್ಸ್ ಕೂಡ ಸ್ಪ್ರೇ ಡಬ್ಬಿಯಲ್ಲೇ ಬರುತ್ತದೆ. ಆರಿದ ಮೇಲೆ ಮೇಣದಂತೆ ಗಟ್ಟಿಯಾಗಿ, ಬಹುಪಾಲು ಒಣಗಿದ ಪದರವಾಗಿ ಕೂರುತ್ತದೆ. ಧೂಳು ಅಂಟುವುದು ಮೂರರಲ್ಲಿ ಇದಕ್ಕೇ ಕಮ್ಮಿ. ರಿಮ್ ಸ್ವಚ್ಛ, ಬಟ್ಟೆ ಸ್ವಚ್ಛ. ಆದರೆ ತೊಳೆದು ಪೂರ್ತಿ ಒಣಗಿಸಿದ ಚೈನಿಗೆ, ಅದೂ ಬೆಚ್ಚಗಿದ್ದಾಗಲೇ ಹೊಡೆದರೆ ಮಾತ್ರ ಹಿಡಿಯುತ್ತದೆ. ಹಳೇ ಎಣ್ಣೆಯ ಮೇಲೆ ಹೊಡೆದ ವ್ಯಾಕ್ಸ್ ಚಕ್ಕೆ ಚಕ್ಕೆಯಾಗಿ ಎದ್ದು ಹೋಗುತ್ತದೆ. ಸಣ್ಣ ಊರುಗಳಲ್ಲಿ ಸಿಗುವುದೂ ಕಷ್ಟ. ಸೈಕಲ್ ಹವ್ಯಾಸಿಗಳು ಪ್ಯಾರಾಫಿನ್ ಕರಗಿಸಿ ಚೈನ್ ಅದ್ದುವುದನ್ನು ನೋಡಿ ಬೈಕಿನ ಚೈನಿಗೂ ಹಾಗೆ ಮಾಡಲು ಹೋಗುವವರಿದ್ದಾರೆ. ಓ-ರಿಂಗ್ ಚೈನನ್ನು ಬಿಸಿ ಮೇಣದಲ್ಲೋ ಬಿಸಿ ಗ್ರೀಸಿನಲ್ಲೋ ಅದ್ದಿದರೆ ರಬ್ಬರ್ ಹಾಳಾಗಿ ಒಳಗಿನ ಗ್ರೀಸ್ ಕರಗಿ ಹೊರಬರುತ್ತದೆ. ಬಿಸಿ ಗ್ರೀಸಿನಲ್ಲಿ ಅದ್ದುವುದು ಹಳೇ ಕಾಲದ ಸಾದಾ ಚೈನಿಗಿದ್ದ ಪದ್ಧತಿ.

ಹಳೇ ಕಾಲದ ಮಾತು ಬಂತು, ಮೈಸೂರಿನ ಜಾವಾ ಬಗ್ಗೆ ಒಂದು ಸಾಲು ಹೇಳಲೇಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಚೈನ್ ಪೂರ್ತಿಯಾಗಿ ಕವರಿನೊಳಗೆ, ರಬ್ಬರ್ ಕೊಳವೆಯೊಳಗೆ ಓಡುತ್ತಿತ್ತು. ಧೂಳೂ ಇಲ್ಲ, ಮಳೆಯೂ ಇಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಸೇರುವ ಗಾಡಿಗಳ ಬಳಿ ಹೋದಾಗ ಆ ರಬ್ಬರ್ ಕೊಳವೆಗಳನ್ನು ಬಗ್ಗಿ ನೋಡಿ. ಚೈನಿಗೆ ಏನು ಹಾಕುವುದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೂ ಬಂದಿಲ್ಲ. ಇವತ್ತಿನ ಕಮ್ಯೂಟರ್ ಬೈಕುಗಳ ಫುಲ್ ಕವರ್ ಅದೇ ಯೋಚನೆಯ ಮುಂದುವರಿಕೆ.

ಹಾಕಬಾರದವು

ಗ್ಯಾರೇಜಿನಲ್ಲಿ ಡಬ್ಬಿಗೆ ಬಸಿದಿಟ್ಟ ಸುಟ್ಟ ಎಂಜಿನ್ ಆಯಿಲ್ ಮೊದಲನೆಯದು. ಪುಕ್ಕಟೆ ಸಿಗುತ್ತದೆಂದು ಬ್ರಷ್ಷಿನಲ್ಲಿ ಹಚ್ಚಿ ಕಳಿಸುತ್ತಾರೆ. ಅದರಲ್ಲಿ ಲೋಹದ ಪುಡಿ, ಮಸಿ, ಆಮ್ಲ ಎಲ್ಲ ಇವೆ. ಅದನ್ನು ಎಂಜಿನ್ನಿನಿಂದ ಹೊರತೆಗೆದದ್ದೇ ಆ ಕಾರಣಕ್ಕೆ. ಸರ್ವಿಸಿಗೆ ಬಿಡುವಾಗಲೇ ‘ಚೈನಿಗೆ ಹಳೇ ಆಯಿಲ್ ಹಾಕಬೇಡಿ ಅಣ್ಣ’ ಎಂದು ಹೇಳಿಬಿಡಿ, ತಪ್ಪು ತಿಳಿಯುವುದಿಲ್ಲ. ಬೇರಿಂಗ್ ಗ್ರೀಸ್ ಎರಡನೆಯದು. ಅದು ಸಂದಿಗೆ ಇಳಿಯದೆ ಹೊರಗೆ ಕೂತು ಮಣ್ಣು ಹಿಡಿಯುತ್ತದೆ. ಡಬ್ಲ್ಯೂಡಿ-40 ಎಂಬ ತೆಳು ಸ್ಪ್ರೇಯಿಂದ ಕೊಳೆ ಬಿಡಿಸಬಹುದು, ನೀರು ಓಡಿಸಬಹುದು. ಆದರೆ ಅದನ್ನೇ ಚೈನ್ ಎಣ್ಣೆ ಎಂದು ನಂಬಿ ಊರು ಬಿಟ್ಟರೆ ನೂರು ಕಿ.ಮೀ.ಯೊಳಗೆ ಚೈನ್ ಒಣಗಿರುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ತುರ್ತಿಗೆ ಮಾತ್ರ, ಮುಂದಿನ ಊರಿನ ಅಂಗಡಿ ತಲುಪುವ ತನಕ.

ತೊಳೆಯುವುದು, ಹಚ್ಚುವುದು

ಯಾವುದನ್ನೇ ಆರಿಸಿ, ಕೆಲಸದ ಕ್ರಮ ಒಂದೇ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಕೀ ಜೇಬಿಗೆ. ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫಸ್ಟ್ ಗೇರಿಗೆ ಹಾಕಿ, ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿಯುವವರು ಇವತ್ತಿಗೂ ಇದ್ದಾರೆ. ಬಟ್ಟೆಯ ಒಂದು ನೂಲು ಸ್ಪ್ರಾಕೆಟ್ಟಿಗೆ ಸಿಕ್ಕರೂ ಬೆರಳು ಹಲ್ಲಿನ ನಡುವೆ ಹೋಗುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ಹೀಗೆ ಬೆರಳ ತುದಿ ಕಳೆದುಕೊಂಡವರು ಹವ್ಯಾಸಿಗಳಲ್ಲೂ ಇದ್ದಾರೆ, ಮೆಕ್ಯಾನಿಕ್‌ಗಳಲ್ಲೂ ಇದ್ದಾರೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಹಿಂದಿನ ಸ್ಪ್ರಾಕೆಟ್ಟಿನಲ್ಲಿ 40 ಹಲ್ಲಿದ್ದರೆ 110 ಕೊಂಡಿಯ ಚೈನ್ ಪೂರ್ತಿ ಒಂದು ಸುತ್ತು ಬರಲು ಚಕ್ರ ಮೂರು ಸುತ್ತಿಗಿಂತ ಸ್ವಲ್ಪ ಕಮ್ಮಿ ತಿರುಗಿದರೆ ಸಾಕು. ಡಬಲ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಬೇಕು. ಅದೂ ಇಲ್ಲವೆಂದರೆ ಮನೆ ಮುಂದೆ ಒಂದೊಂದು ಗೇಣಿನಷ್ಟು ಹಚ್ಚುತ್ತ ಬೈಕನ್ನು ಮುಂದಕ್ಕೆ ತಳ್ಳಿ. ಒಟ್ಟು ಐದಾರು ಮೀಟರ್ ತಳ್ಳುವುದರೊಳಗೆ ಚೈನಿನ ಪೂರ್ತಿ ಸುತ್ತು ಮುಗಿದಿರುತ್ತದೆ. ಶುರು ಮಾಡಿದ ಕೊಂಡಿಗೆ ಸುಣ್ಣದ ಗುರುತು ಹಾಕಿಟ್ಟುಕೊಳ್ಳಿ.

ತೊಳೆಯಲು ಸೀಮೆಎಣ್ಣೆ ಎಲ್ಲಕ್ಕಿಂತ ಒಳ್ಳೆಯದು. ಈಗ ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಇಲ್ಲದಿದ್ದರೆ ಡೀಸೆಲ್, ಇಲ್ಲವೇ ಓ-ರಿಂಗಿಗೆ ಸುರಕ್ಷಿತ ಎಂದು ಬರೆದಿರುವ ಚೈನ್ ಕ್ಲೀನರ್ ಸ್ಪ್ರೇ. ಡೀಸೆಲ್ ಬಳಸಿದರೆ ನೆನೆಸಿ ಇಡಬೇಡಿ, ಉಜ್ಜಿ ಒರೆಸಿಬಿಡಿ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ, ರಬ್ಬರ್ ಬಳೆ ಊದಿಕೊಂಡು ಆಮೇಲೆ ಬಿರಿಯುತ್ತದೆ. ಬೆಂಕಿಯ ಅಪಾಯ ಬೇರೆ. 50ರಿಂದ 100 ಎಂಎಲ್ ಸೀಮೆಎಣ್ಣೆಯನ್ನು ಹಳೇ ಬಟ್ಟಲಿಗೆ ಸುರಿದುಕೊಳ್ಳಿ. ನೈಲಾನ್ ಬ್ರಷ್ ಇರಲಿ, ಮೂರು ಬದಿಯಿಂದ ಉಜ್ಜುವ ಚೈನ್ ಬ್ರಷ್ ಇದ್ದರೆ ಬೇಗ ಆಗುತ್ತದೆ. ತಂತಿ ಬ್ರಷ್ ಓ-ರಿಂಗನ್ನು ಕತ್ತರಿಸುತ್ತದೆ. ನಾಲ್ಕೂ ಮುಖ ಉಜ್ಜಿ, ಕೆಳಗೆ ರಟ್ಟು ಹಾಸಿ ಬಸಿಯಲು ಬಿಡಿ. ಬನಿಯನ್ ಬಟ್ಟೆಯಲ್ಲಿ ಒರೆಸಿ, ಹದಿನೈದು ನಿಮಿಷ ಆರಲು ಬಿಡಿ. ಆ ರಟ್ಟನ್ನೂ ಉಳಿದ ಕೊಳೆ ಎಣ್ಣೆಯನ್ನೂ ಚರಂಡಿಗೆ ಹಾಕದೆ, ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಸೇರಿಸಿ.

ವಾಟರ್ ಸರ್ವಿಸಿಗೆ ಕೊಟ್ಟಾಗ ಚೈನಿಗೆ ನೇರವಾಗಿ ಜೆಟ್ ಹಿಡಿಯಲು ಬಿಡಬೇಡಿ. ಆ ಒತ್ತಡಕ್ಕೆ ನೀರು ರಬ್ಬರ್ ಬಳೆ ದಾಟಿ ಒಳಗಿನ ಗ್ರೀಸಿಗೆ ಸೇರುತ್ತದೆ. ಅಲ್ಲಿಂದ ನಾಲ್ಕಾರು ಕಿ.ಮೀ. ಓಡಿಸಿ ಒಣಗಿಸಿ, ಅದೇ ದಿನ ಎಣ್ಣೆ ಹಚ್ಚಿ.

ಹಚ್ಚುವ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಚೈನಿನ ಹೊರಬದಿಗೆ, ಅಂದರೆ ಕಣ್ಣಿಗೆ ಬೀಳುವ ಪ್ಲೇಟಿನ ಮೇಲೆ ಸುರಿದರೆ ಪ್ರಯೋಜನವಿಲ್ಲ. ಕೆಳಗಿನ ಚೈನಿನ ಮೇಲ್ಮುಖ, ಅಂದರೆ ಸ್ಪ್ರಾಕೆಟ್ ಹಲ್ಲಿಗೆ ತಾಗುವ ಒಳಬದಿಗೆ ಹಚ್ಚಬೇಕು. ಚಕ್ರ ತಿರುಗುವಾಗ ಎಣ್ಣೆ ಹೊರಕ್ಕೆ ಚಿಮ್ಮುವ ದಾರಿಯಲ್ಲಿ ರೋಲರನ್ನೂ ಪ್ಲೇಟಿನ ಸಂದಿಯನ್ನೂ ದಾಟಿಯೇ ಹೋಗುತ್ತದೆ. ಗೇರ್ ಆಯಿಲ್ ಆದರೆ ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜ್ ತಂದುಕೊಳ್ಳಿ, ಸೂಜಿ ಬೇಡ. ಒಂದು ಸುತ್ತು ಎಡ ಅಂಚಿಗೆ, ಒಂದು ಸುತ್ತು ಬಲ ಅಂಚಿಗೆ ಹನಿ ಬಿಡುತ್ತ ಬನ್ನಿ. ಹನಿ ರೋಲರ್ ಮತ್ತು ಒಳಪ್ಲೇಟು ಕೂಡುವ ಗೆರೆಯ ಮೇಲೆ ಬಿದ್ದರೆ, ಒಂದು ಕ್ಷಣ ಗುಂಡಗೆ ನಿಂತು, ಆಮೇಲೆ ಸರಕ್ಕನೆ ಸಂದಿಯೊಳಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡರೆ ಸರಿಯಾದ ಜಾಗಕ್ಕೆ ಬಿದ್ದಿದೆ. ಪ್ಲೇಟಿನ ಮೇಲೆ ಹರಡಿಕೊಂಡರೆ ತಪ್ಪಿದೆ. ಸ್ಪ್ರೇ ಆದರೆ ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಟಯರಿಗೂ ಹಿಂದಿನ ಡಿಸ್ಕಿಗೂ ಪೇಪರ್ ಅಡ್ಡ ಹಿಡಿದು, ಕೊಳವೆಯನ್ನು ಹತ್ತು ಸೆಂಟಿಮೀಟರ್ ದೂರದಲ್ಲಿಟ್ಟು ಎರಡು ಸುತ್ತು ಹೊಡೆಯಿರಿ. ಓಡಿಸಿ ಬಂದ ಮೇಲೆ, ಚೈನ್ ಬೆಚ್ಚಗಿರುವಾಗ ಹಚ್ಚುವುದು ಎಲ್ಲದಕ್ಕೂ ಒಳ್ಳೆಯದು. ಟಯರಿನ ಅಂಚಿಗೆ ಎಣ್ಣೆ ತಾಗಿದ್ದರೆ ಸೋಪು ನೀರಿನಲ್ಲಿ ತೊಳೆಯದೆ ಹೊರಡಬೇಡಿ. ನೇರ ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಮೊದಲ ತಿರುವಿನಲ್ಲಿ ಬೈಕ್ ಮಲಗಿಸುತ್ತದೆ.

ಫುಲ್ ಕವರ್ ಇರುವ ಬೈಕುಗಳಲ್ಲಿ ಕವರಿನ ಮೇಲೆ ಒಂದು ಸಣ್ಣ ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದು, ಚಕ್ರ ತಿರುಗಿಸುತ್ತ, ಸಿರಿಂಜಿನಿಂದ ಅದೇ 10 ಎಂಎಲ್ ಬಿಡಿ. ಕವರಿನ ಕೆಳಗಿನಿಂದ ತೊಟ್ಟಿಕ್ಕಿದರೆ ಹೆಚ್ಚಾಯಿತೆಂದು ಅರ್ಥ. ಎರಡು ಸರ್ವಿಸಿಗೆ ಒಮ್ಮೆ ಕವರ್ ಪೂರ್ತಿ ಬಿಚ್ಚಿಸಿ ತೊಳೆಸಿ.

ಊರಿಗೆ ತಕ್ಕಂತೆ

ಬೆಂಗಳೂರಿನೊಳಗೆ ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಆಫೀಸಿಗೆ ಓಡಾಡುವ ಬೈಕಿಗೆ ಗೇರ್ ಆಯಿಲ್ ಸಾಕು, ಎರಡು ವಾರಕ್ಕೊಂದು ಸಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ನೆಲದ ಮೇಲೆ ಹನಿ ಬೀಳುವ ತಕರಾರು ಇದ್ದರೆ ಬಣ್ಣವಿಲ್ಲದ ಸ್ಪ್ರೇ ಹೊಂದುತ್ತದೆ.

ಬಳ್ಳಾರಿ, ಹೊಸಪೇಟೆಯ ಕೆಂಪು ಧೂಳು, ರಾಯಚೂರು, ಕಲಬುರಗಿಯ ಕಪ್ಪು ಮಣ್ಣಿನ ರಸ್ತೆಗಳಿಗೆ ಬಿಳಿ ಸ್ಪ್ರೇ ಬೇಡ. ವ್ಯಾಕ್ಸ್ ಸಿಕ್ಕರೆ ವ್ಯಾಕ್ಸ್. ಇಲ್ಲವೆಂದರೆ ಗೇರ್ ಆಯಿಲ್ ಹಚ್ಚಿ, ಚೆನ್ನಾಗಿ ಒರೆಸಿ. ಮಣ್ಣು ರಸ್ತೆಯಲ್ಲಿ ಸವಾರಿ ಮಾಡುವ ಹವ್ಯಾಸಿಗಳಿಗೂ ಇದೇ ಮಾತು.

ಮಲೆನಾಡಿನ ಮಳೆಗಾಲ ಬೇರೆಯದೇ ಲೆಕ್ಕ. ಆಗುಂಬೆಯ ಹದಿನಾಲ್ಕು ತಿರುವು ಇಳಿದು ಹತ್ತಿದ ದಿನ, ಚಾರ್ಮಾಡಿಯಲ್ಲಿ ಜುಲೈ ತಿಂಗಳ ಮಳೆಗೆ ಸಿಕ್ಕ ದಿನ, ಗೇರ್ ಆಯಿಲ್ ಸಂಜೆಯವರೆಗೆ ಉಳಿಯುವುದಿಲ್ಲ. ದಪ್ಪ ಬಿಳಿ ಸ್ಪ್ರೇ ಎರಡು ಮೂರು ದಿನ ತಡೆಯುತ್ತದೆ. ಇಡೀ ದಿನ ಮಳೆಯಲ್ಲಿ ಧೂಳೂ ಇರುವುದಿಲ್ಲವಾದ್ದರಿಂದ ಅದರ ಕೆಟ್ಟ ಗುಣ ಇಲ್ಲಿ ಕಾಣದು. ಅದು ಸಿಗದಿದ್ದರೆ ಹೋಂಸ್ಟೇ ತಲುಪಿದ ಕೂಡಲೇ, ಸ್ನಾನಕ್ಕೆ ಮೊದಲು, ಚೈನ್ ಒರೆಸಿ ಗೇರ್ ಆಯಿಲ್ ಹಚ್ಚಿ. ಹಸಿಯಾಗಿ ಬಿಟ್ಟ ಚೈನ್ ಬೆಳಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಮೇಲಿನ ಆ ತುಕ್ಕು ಒರೆಸಿದರೆ ಹೋಗುತ್ತದೆ. ಕೊಂಡಿಯ ಸಂದಿಯಿಂದ ಕೆಂಪು ಪುಡಿ ಉದುರುತ್ತಿದ್ದರೆ ಮಾತ್ರ ಒಳಗಿನ ಗ್ರೀಸ್ ಹೋಗಿ ಪಿನ್ ತುಕ್ಕು ಹಿಡಿದಿದೆ, ಅದಕ್ಕೆ ಯಾವ ಎಣ್ಣೆಯೂ ಮದ್ದಲ್ಲ.

ಕರಾವಳಿಯವರು ಉಪ್ಪಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರವಂತೆಯಲ್ಲಿ ಕಡಲ ಪಕ್ಕ ಗಾಡಿ ನಿಲ್ಲಿಸಿ ಫೋಟೊ ತೆಗೆದು ಹೊರಟವರು ಅಂದು ರಾತ್ರಿ ಚೈನನ್ನು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚುವುದು ಕ್ಷೇಮ. ಉಪ್ಪಿನ ಮೇಲೆಯೇ ಹಚ್ಚಿದ ಎಣ್ಣೆ ಉಪ್ಪನ್ನು ಒಳಗೇ ಹಿಡಿದಿಡುತ್ತದೆ.

ಮಿಶ್ರ ಬಳಕೆಯವರು, ವಾರವಿಡೀ ಸಿಟಿ, ತಿಂಗಳಿಗೊಂದು ಘಾಟಿ ಎನ್ನುವವರು, ಮನೆಯಲ್ಲಿ ಗೇರ್ ಆಯಿಲ್ ಇಟ್ಟುಕೊಂಡು ಮಳೆಗಾಲದ ಟೂರಿಗೆ ಮಾತ್ರ ಸ್ಪ್ರೇ ಒಯ್ಯಬಹುದು. ಒಂದರ ಮೇಲೊಂದು ಹಾಕುವ ಮುನ್ನ ತೊಳೆದುಕೊಂಡರೆ ಆಯಿತು.

ಎಣ್ಣೆಯಿಂದ ಸರಿಹೋಗದ ತೊಂದರೆಗಳು

ಚೈನ್ ಸದ್ದು ಮಾಡಿದರೆ ಎಣ್ಣೆ ಕಮ್ಮಿಯಾಗಿದೆ ಎಂದೇ ತಿಳಿಯಬೇಡಿ. ಮೊದಲು ಸಡಿಲ ನೋಡಿ. ಕೆಳಗಿನ ಚೈನಿನ ನಡುಭಾಗವನ್ನು ಬೆರಳಲ್ಲಿ ಮೇಲಕ್ಕೂ ಕೆಳಕ್ಕೂ ಒತ್ತಿದಾಗ ಒಟ್ಟು ಆಡುವ ಅಂತರ ಎಷ್ಟೋ ಬೈಕುಗಳಲ್ಲಿ 25ರಿಂದ 35 ಮಿ.ಮೀ. ಇರಬೇಕು. ನಿಮ್ಮ ಬೈಕಿನ ಅಳತೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ, ಅದೇ ಅಂತಿಮ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ಅಂತರ) ಹೆಚ್ಚಿರುವ ಸಸ್ಪೆನ್ಷನ್ನಿನ ಬೈಕುಗಳಿಗೆ ಇನ್ನೂ ಹೆಚ್ಚು ಸಡಿಲ ಬೇಕು. ಒಂದೇ ಜಾಗದಲ್ಲಿ ನೋಡಿ ಬಿಡದೆ ಚಕ್ರ ತಿರುಗಿಸುತ್ತ ನಾಲ್ಕು ಕಡೆ ನೋಡಿ, ಅತಿ ಟೈಟ್ ಇರುವ ಜಾಗಕ್ಕೆ ಅಳತೆ ಹೊಂದಿಸಿ.

ಟೈಟ್ ಚೈನ್ ಲೂಸ್ ಚೈನಿಗಿಂತ ಅಪಾಯ. ಇಬ್ಬರು ಕೂತು ಹಂಪ್ ಹಾರಿಸಿದಾಗ ಸ್ವಿಂಗ್ ಆರ್ಮ್ ಮೇಲೇಳುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲಾಡುವ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಬಿಗಿಯುತ್ತದೆ. ಆಗ ಸಡಿಲವೇ ಉಳಿದಿರದಿದ್ದರೆ ಹೊರೆಯೆಲ್ಲ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗ್ ಮೇಲೆ. ಚೈನ್ ಸೆಟ್ಟಿನ ಖರ್ಚು ಎಲ್ಲಿ, ಎಂಜಿನ್ ಬಿಚ್ಚುವ ಖರ್ಚು ಎಲ್ಲಿ. ಚೈನ್ ಬಿಗಿ ಮಾಡಿದ ಮೇಲೆ ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಇದೆಯೇ ನೋಡಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಪೆಡಲಿನ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಸಡಿಲ) ಮತ್ತೆ ಹೊಂದಿಸಿ, ಇಲ್ಲದಿದ್ದರೆ ಚಕ್ರ ಹಿಂದೆ ಸರಿದಾಗ ಬ್ರೇಕ್ ರಾಡ್ ಎಳೆದುಕೊಂಡು ಬ್ರೇಕ್ ಕಚ್ಚಿಕೊಂಡೇ ಇರುತ್ತದೆ. ಇದನ್ನು ಗ್ಯಾರೇಜಿನಲ್ಲೂ ಎಷ್ಟೋ ಸಲ ಮರೆಯುತ್ತಾರೆ.

ಸವೆತ ಅಳೆಯಲು ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದನೇ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿನವರೆಗೆ ಸ್ಕೇಲ್ ಇಡಿ. ಚೈನಿನ ಮೇಲೆ 428 ಎಂದು ಇದ್ದರೆ ಹೊಸದರಲ್ಲಿ ಅದು 254 ಮಿ.ಮೀ., 520 ಎಂದಿದ್ದರೆ 317.5 ಮಿ.ಮೀ. ಮೊದಲನೆಯದು 259ಕ್ಕೆ, ಎರಡನೆಯದು 323ಕ್ಕೆ ಬಂದರೆ ಬದಲಾಯಿಸುವ ಕಾಲ ಬಂದಿದೆ. ಸ್ಕೇಲ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆಯಿರಿ, ಅರ್ಧ ಹಲ್ಲಿಗಿಂತ ಹೆಚ್ಚು ಹೊರಗೆ ಕಂಡರೆ ಮುಗಿಯಿತು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೂ ಅದೇ.

ಬದಲಾಯಿಸುವಾಗ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಸೇರಿ ಸೆಟ್ ಹಾಕಿಸಿ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಬೇಗನೆ ಹಳತಾಗುತ್ತದೆ. ಕ್ಲಿಪ್ ಇರುವ ಲಾಕ್ ಆದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಬೇಕು, ತಿರುಗಿಸಿ ಹಾಕಿದರೆ ಕಲ್ಲು ತಾಗಿ ಎದ್ದುಹೋಗಬಹುದು. ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿದ ಹೊತ್ತಿನಲ್ಲೇ ಒಳಗೆ ಕಟ್ಟಿಕೊಂಡಿರುವ ಕಪ್ಪು ಮಡ್ಡಿಯನ್ನು ಕೆರೆದು ತೆಗೆಸಿ. ಹೊಸ ಚೈನ್ ಮೇಲೆ ಫ್ಯಾಕ್ಟರಿಯ ಅಂಟು ಗ್ರೀಸ್ ಇರುತ್ತದೆ, ಅದನ್ನು ಕೊಳೆ ಎಂದುಕೊಂಡು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಹೊರಪ್ಲೇಟನ್ನು ಮಾತ್ರ ಒಣ ಬಟ್ಟೆಯಲ್ಲಿ ಒರೆಸಿ ಓಡಿಸಿ, ಮುನ್ನೂರು ನಾನೂರು ಕಿ.ಮೀ. ಆದ ಮೇಲೆ ಸಡಿಲ ನೋಡಿಕೊಂಡು ಮೊದಲ ಸಲ ನಿಮ್ಮ ಎಣ್ಣೆ ಹಚ್ಚಿ.